ಕಂಪ್ಯೂಟರಿಗೆ ಕಣ್ಣಳತೆ ಕಲಿಸಿದ್ದು

ಕೋಲಾರದ ಆ ಆಫೀಸಿಗೆ ನಾನು ಸೇರಿದ್ದು ಚಿತ್ರ ಬರೆಯುವುದಕ್ಕೆ, ಲೆಕ್ಕ ಮಾಡುವುದಕ್ಕಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದಕ್ಕೆ ಮುಂಚೆ ನಂಗಲಿಯಲ್ಲಿ ಹೆದ್ದಾರಿ ಪಕ್ಕ ಲಾರಿಗಳಿಗೆ ಬಣ್ಣ ಬಳಿದು ಬೋರ್ಡು ಬರೆಯುತ್ತಿದ್ದೆ. ಸ್ಟಿಕ್ಕರುಗಳು ಬಂದು ಆ ಕೆಲಸ ಕಡಿಮೆಯಾದಾಗ ಬ್ರಷ್ ಬಿಟ್ಟು ಮೌಸ್ ಹಿಡಿದೆ. ಆಫೀಸು ಅಂದರೆ ಎರಡನೇ ಮಹಡಿಯಲ್ಲಿ ಎರಡು ರೂಮು, ನಾಲ್ಕು ಕಂಪ್ಯೂಟರು, ಕರೆಂಟು ಹೋದಾಗಲೆಲ್ಲ ಕಿರುಚಿಕೊಳ್ಳುವ ಒಂದು ಯುಪಿಎಸ್ಸು. ಹಳ್ಳಿ ಶಾಲೆಗಳಿಗೆ ಒಂದೊಂದೇ ಕಂಪ್ಯೂಟರ್ ಬರತೊಡಗಿದ್ದ ಕಾಲ ಅದು. ನಾವು ಆ ಶಾಲೆಗಳಿಗೆ ಪಾಠದ ಸಿಡಿ ಮಾಡುತ್ತಿದ್ದೆವು.

ನಮ್ಮ ಯಜಮಾನರು ಮಾಲೂರಿನವರು. ಅವರ ಮನೆತನದ್ದು ಇಟ್ಟಿಗೆ ಗೂಡಿನ ವ್ಯವಹಾರ. ಸಿಡಿ ಕಂಪನಿ ಅವರ ಹೊಸ ಹುಚ್ಚು. ಒಂದು ಬೆಳಿಗ್ಗೆ ಬಂದವರೇ ನನ್ನ ಕುರ್ಚಿಯ ಹಿಂದೆ ನಿಂತರು.

“ಪಾಠ ಎಲ್ರೂ ಮಾಡ್ತಾರೆ ಕಣಯ್ಯ. ನಮ್ಮ ಸಿಡೀಲಿ ಒಂದು ಆಟಾನೂ ಇರ್ಲಿ. ಊರ ಕಡೆ ಆಟ. ಚಿನ್ನಿ ದಾಂಡು ಮಾಡ್ತೀಯಾ?”

“ಮಾಡ್ತೀನಿ ಸಾರ್” ಅಂದೆ. ಯೋಚನೆ ಮಾಡಿ ಅನ್ನಲಿಲ್ಲ.

ಮೂರು ವಾರ ಕಳೆದ ಮೇಲೆ ವಕ್ಕಲೇರಿಯ ಶಾಲೆಯಲ್ಲಿ ಸುತ್ತಮುತ್ತಲ ಊರುಗಳ ಹೆಡ್ಮಾಸ್ಟರುಗಳು ಸೇರುವವರಿದ್ದರು. ಆಟವನ್ನು ಅಲ್ಲಿ ತೋರಿಸಬೇಕು. ಅವರು ಹೂಂ ಅಂದರೆ ಪ್ರತಿ ಸಿಡಿಗೂ ಒಂದು ಆಟ, ಅದನ್ನು ಮಾಡುವುದಕ್ಕೆ ನಾನು. ಊಹೂಂ ಅಂದರೆ ಸಿಡಿಯಲ್ಲಿ ಪಾಠ ಮತ್ತು ದನಿ ಮಾತ್ರ. ಚಿತ್ರವನ್ನು ಓಡಾಡಿಸುವವನು ಆಗ ಬೇಕಾಗುವುದಿಲ್ಲ. ಯಜಮಾನರು ಮುಚ್ಚುಮರೆ ಇಲ್ಲದ ಮನುಷ್ಯ. “ಹಾಗೇನಾದ್ರೂ ಆದ್ರೆ ನಿನ್ನ ಇಟ್ಕೊಳ್ಳೋಕಾಗಲ್ಲಪ್ಪ, ಬೇಜಾರು ಮಾಡ್ಕೋಬೇಡ” ಅಂತ ಆವತ್ತೇ ಹೇಳಿಬಿಟ್ಟರು. ಬೇಜಾರಿಗಿಂತ ಭಯವೇ ಆಯಿತು. ಲಾರಿಗಳ ಹತ್ತಿರಕ್ಕೆ ವಾಪಸ್ಸು ಹೋಗೋಣವೆಂದರೆ ಅಲ್ಲಿಯೂ ನನಗೆ ಜಾಗ ಇರಲಿಲ್ಲ.

ಆಟ ಮಾಡುವುದಕ್ಕೆ ಅಂತ ಯಜಮಾನರು ಒಂದು ಸಾಫ್ಟ್‌ವೇರ್ ತರಿಸಿದ್ದರು. ಅದರಲ್ಲಿ ಪ್ರೋಗ್ರಾಂ ಬರೆಯುವ ಹಾಗಿಲ್ಲ. ಪರದೆಯ ಮೇಲೆ ಬಣ್ಣದ ಪೆಟ್ಟಿಗೆಗಳು ಇರುತ್ತವೆ. ಒಂದು ಪೆಟ್ಟಿಗೆ ‘ಮೌಸ್ ಒತ್ತಿದಾಗ’, ಇನ್ನೊಂದು ‘ಚಿತ್ರವನ್ನು ಇಲ್ಲಿಗೆ ಸರಿಸು’, ಮತ್ತೊಂದು ‘ಸದ್ದು ಮಾಡು’. ಒಂದರಿಂದ ಇನ್ನೊಂದಕ್ಕೆ ಮೌಸಿನಲ್ಲಿ ತಂತಿ ಎಳೆದರೆ ಸಾಕು, ಹೇಳಿದ ಕ್ರಮದಲ್ಲಿ ಎಲ್ಲ ನಡೆಯುತ್ತದೆ. ನನಗಂತೂ ಹಬ್ಬವಾಯಿತು. ಪೆಟ್ಟಿಗೆ ಇಡು, ಗೆರೆ ಎಳೆ. ಇದೂ ಬೋರ್ಡು ಬರೆಯುವ ಕೆಲಸವೇ ಅಂದುಕೊಂಡೆ.

ಮೊದಲ ವಾರ ಚಿತ್ರಗಳಿಗೇ ಹೋಯಿತು. ಗುಳಿ, ದಾಂಡು, ಎರಡು ತುದಿ ಚೂಪಾದ ಚಿನ್ನಿ, ಹಿಂದೆ ಕೋಲಾರದ ಬೆಟ್ಟದ ಬಂಡೆಗಳು. ಬಂಡೆಗಳು ಚೆನ್ನಾಗಿ ಬಂದವು, ಅದಕ್ಕೆ ನನ್ನನ್ನು ನಾನೇ ಮೆಚ್ಚಿಕೊಂಡೆ. ಆಮೇಲೆ ಚಿನ್ನಿ ಹಾರಬೇಕಾದ ಹೊತ್ತು ಬಂತು. ನನಗೆ ಗೊತ್ತಿದ್ದ ದಾರಿ ಒಂದೇ. ಲಾರಿ ಮುಂಭಾಗಕ್ಕೆ ಕಮಾನು ಬರೆಯುವ ಹಾಗೆ ಮೊಳೆ ಹೊಡೆದು ದಾರ ಕಟ್ಟಿ ಹಾಳೆಯ ಮೇಲೆ ಮೂರು ಕಮಾನು ಎಳೆದೆ. ಮೆಲ್ಲಗೆ ಹೊಡೆದರೆ ಸಣ್ಣದು, ಮಧ್ಯಮಕ್ಕೆ ಮಧ್ಯದ್ದು, ಜೋರಿಗೆ ದೊಡ್ಡದು. ಒಂದೊಂದು ಕಮಾನಿನ ಮೇಲೂ ಇಪ್ಪತ್ತನಾಲ್ಕು ಚುಕ್ಕಿ ಇಟ್ಟು, ಒಂದೊಂದು ಚುಕ್ಕಿಗೂ ಒಂದು ‘ಇಲ್ಲಿಗೆ ಸರಿಸು’ ಪೆಟ್ಟಿಗೆ ಹಾಕಿ, ಎಲ್ಲಕ್ಕೂ ತಂತಿ ಜೋಡಿಸಿದೆ. ಎಪ್ಪತ್ತೆರಡು ಪೆಟ್ಟಿಗೆ! ಒಂದನ್ನು ಅತ್ತ ಸರಿಸಿದರೆ ಹತ್ತು ತಂತಿ ಸಿಕ್ಕು ಬೀಳುತ್ತಿದ್ದವು. ಐದು ದಿನ ಕುತ್ತಿಗೆ ಬಗ್ಗಿಸಿ ಮಾಡಿದೆ.

ಯಜಮಾನರು ಕೂತು ಹೊಡೆದರು. ಚಿನ್ನಿ ಹಾರಿತು, ಸೊಗಸಾಗಿಯೇ ಹಾರಿತು. ಇನ್ನೊಂದು ಹೊಡೆದರು. ಹತ್ತನೇ ಸಲ ಹೊಡೆದು ಮೌಸ್ ಕೆಳಗಿಟ್ಟರು.

“ಏನಯ್ಯ ಇದು, ಎಲ್ಲಿಂದ ಹೆಂಗೆ ಹೊಡುದ್ರೂ ಮೂರೇ ಜಾಗದಲ್ಲಿ ಬೀಳ್ತದೆ? ಚಿನ್ನಿನಾ ಇದು, ಸಿಟಿ ಬಸ್ಸಾ?”

ನಗು ಬಂತು, ಸಿಟ್ಟೂ ಬಂತು. ಅವರು ಹೇಳಿದ್ದು ಸರಿ. ಇನ್ನೂ ಮೂವತ್ತು ಕಮಾನು ಎಳೆದರೂ ಅದು ಮೂವತ್ತಮೂರು ಜಾಗದಲ್ಲಿ ಬೀಳುವ ಚಿನ್ನಿಯಾಗುತ್ತಿತ್ತು, ಅಷ್ಟೇ.

ಆ ಸಾಫ್ಟ್‌ವೇರಿನಲ್ಲಿ ಬೂದು ಬಣ್ಣದ ಇನ್ನೊಂದು ಪೆಟ್ಟಿಗೆ ಇತ್ತು. ನಾನು ಅದನ್ನು ನೋಡಿಯೂ ನೋಡದವನ ಹಾಗೆ ಇದ್ದೆ. ಅದನ್ನು ತೆರೆದರೆ ಒಳಗೆ ಖಾಲಿ ಸಾಲು. ಆ ಸಾಲಿನಲ್ಲಿ ಕೂಡು, ಕಳೆ, ಗುಣಿಸು, ಭಾಗಿಸು, ಸೈನ್, ಕಾಸ್ ಎಲ್ಲ ಬಳಸಿ ಗಣಿತದ ಸೂತ್ರ ಬರೆಯಬಹುದು. ಉತ್ತರ ತಂತಿಯ ಮೂಲಕ ಮುಂದಿನ ಪೆಟ್ಟಿಗೆಗೆ ಹೋಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ನನ್ನನ್ನು ಎರಡು ಸಲ ಫೇಲು ಮಾಡಿ ಕೂರಿಸಿತ್ತು. ಸೈನ್, ಕಾಸ್ ಅಂತ ಕಂಡರೆ ಇವತ್ತಿಗೂ ಅಂಗೈ ಬೆವರುತ್ತದೆ. ಆದರೆ ಇನ್ನು ಉಳಿದಿದ್ದು ಎಂಟೇ ದಿನ.

ನಮ್ಮ ಸಿಡಿಗಳ ಗಣಿತ ಪಾಠಗಳನ್ನು ತಿದ್ದಿಕೊಡುತ್ತಿದ್ದವರು ವಕ್ಕಲೇರಿ ಶಾಲೆಯ ಗಣಿತದ ಮೇಷ್ಟ್ರು. ಮುಳಬಾಗಿಲಿನ ಶಾನುಭೋಗರ ಮನೆತನದವರು, ಲೆಕ್ಕ ಅವರಿಗೆ ಮನೆಯ ಮಾತು. ಮಾರನೇ ದಿನವೇ ಬಸ್ಸು ಹತ್ತಿ ಹೋಗಿ ಅವರ ಮುಂದೆ ನಿಂತು ನನ್ನ ಎಸ್ಸೆಸ್ಸೆಲ್ಸಿ ಕಥೆಯನ್ನೂ ಹೇಳಿಕೊಂಡೆ. ಪುಸ್ತಕ ತೆಗೆಯುತ್ತಾರೆ ಅಂತ ಹೆದರಿದ್ದೆ. ಅವರು ತೆಗೆದದ್ದು ಕಪಾಟಿನ ಹಿಂದಿದ್ದ ಚಿನ್ನಿ ದಾಂಡು.

“ಬನ್ನಿ ಪೇಂಟ್ರೆ, ಹೊರಗೆ ಹೋಗೋಣ.”

ಮೈದಾನದಲ್ಲಿ ಪಂಚೆ ಎತ್ತಿ ಕಟ್ಟಿ ಚಿನ್ನಿಯ ತುದಿಗೆ ಒಂದು ಬಡಿದು ಎಬ್ಬಿಸಿ ಬೀಸಿ ಹೊಡೆದರು. ಅದು ಆಲದ ಮರ ದಾಟಿತು.

“ನೋಡಿ, ಅದು ಒಂದೇ ಸಲಕ್ಕೆ ಎರಡು ಕೆಲಸ ಮಾಡ್ತದೆ. ಮುಂದಕ್ಕೆ ಹೋಗೋದು ಒಂದು, ಮೇಲಕ್ಕೆ ಹೋಗೋದು ಒಂದು. ಎರಡನ್ನೂ ಬೇರೆಬೇರೆ ಇಟ್ಕೊಳ್ಳಿ. ಮುಂದಿನ ವೇಗ ಬದಲಾಗಲ್ಲ. ಮೇಲಿನ ವೇಗದಲ್ಲಿ ಮಾತ್ರ ಪ್ರತಿ ಸಲಾನೂ ಒಂದಿಷ್ಟು ಕಳೀತಾ ಹೋಗಿ. ಕಳೆದೂ ಕಳೆದೂ ಸೊನ್ನೆ ಆದಾಗ ಚಿನ್ನಿ ನೆತ್ತಿ ಮೇಲೆ. ಇನ್ನೂ ಕಳೆದ್ರೆ ಕೆಳಗಿಳೀತದೆ. ಅಷ್ಟೇ ಕಣ್ರೀ.”

“ಅಷ್ಟೇನಾ ಸಾರ್?”

“ಅಷ್ಟೇ. ನಿಮ್ಮನ್ನ ಎರಡು ಸಲ ಕೂರಿಸಿದ್ದು ಇದೇ.”

ಎಪ್ಪತ್ತೆರಡು ಪೆಟ್ಟಿಗೆಗಳನ್ನೂ ಒಟ್ಟಿಗೆ ಅಳಿಸಿದೆ. ಅವುಗಳ ಜಾಗಕ್ಕೆ ಮೂರು ಬೂದು ಪೆಟ್ಟಿಗೆ ಬಂದವು. ಚಿನ್ನಿಯ ಅಡ್ಡ ಜಾಗಕ್ಕೆ ಮುಂದಿನ ವೇಗ ಕೂಡು. ಎತ್ತರಕ್ಕೆ ಮೇಲಿನ ವೇಗ ಕೂಡು. ಮೇಲಿನ ವೇಗದಿಂದ 0.5 ಕಳೆ. ಈ ಮೂರನ್ನೂ ಸೆಕೆಂಡಿಗೆ ಮೂವತ್ತು ಸಲ ತಿರುಗಿಸು. ಮೌಸ್ ಒತ್ತಿದೆ.

ಚಿನ್ನಿ ನೆಲದೊಳಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ದೂರದಲ್ಲಿ ನೆಲದಿಂದ ಎದ್ದು ಬಂದು ಆಕಾಶಕ್ಕೆ ಹಾರಿ ಮಾಯವಾಯಿತು. ಪಕ್ಕದ ಟೇಬಲ್ಲಿನಲ್ಲಿ ಪಾಠ ಟೈಪ್ ಮಾಡುತ್ತಿದ್ದ ಮೇಡಂ ಬಿದ್ದು ಬಿದ್ದು ನಕ್ಕರು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಕಂಪ್ಯೂಟರಿನ ಪರದೆಯಲ್ಲಿ ಸೊನ್ನೆ ಇರುವುದು ಮೇಲ್ಗಡೆ. ಕೆಳಗೆ ಬಂದಷ್ಟೂ ಅಂಕಿ ಹೆಚ್ಚು. ಬೋರ್ಡು ಬರೆಯುವವನಿಗೆ ಇದು ಹೊಳೆಯಬೇಕಿತ್ತು. ನಾವೂ ಹಲಗೆಯ ಮೇಲಂಚಿನಿಂದಲೇ ಅಳತೆ ಹಿಡಿಯುವವರು. ಎತ್ತರದ ಪೆಟ್ಟಿಗೆಯಲ್ಲಿ ‘ಕೂಡು’ ಇದ್ದಲ್ಲಿ ‘ಕಳೆ’ ಹಾಕಿದೆ, ಚಿನ್ನಿ ಮೇಲೆದ್ದು ಕೆಳಗಿಳಿಯಿತು.

ಆಮೇಲೆ ಕೋನದ ತಂಟೆ. ಆಡುವವರು ಹೊಡೆತದ ಕೋನ ಆರಿಸಿಕೊಳ್ಳಬೇಕು. ಮುಂದಿನ ವೇಗಕ್ಕೆ ಬಲವನ್ನು ಕಾಸ್‌ನಿಂದ ಗುಣಿಸು, ಮೇಲಿನ ವೇಗಕ್ಕೆ ಸೈನ್‌ನಿಂದ ಗುಣಿಸು ಅಂತ ಮೇಷ್ಟ್ರು ಬರೆದುಕೊಟ್ಟಿದ್ದರು. ನಲವತ್ತೈದು ಡಿಗ್ರಿ ಕೊಟ್ಟೆ, ಚಿನ್ನಿ ಮುಂದಕ್ಕೆ ಹೋಯಿತು. ನಲವತ್ತು ಕೊಟ್ಟೆ, ಹೊಡೆದವನ ತಲೆ ಮೇಲಿಂದ ಹಿಂದಕ್ಕೆ ಹೋಯಿತು! ಐದು ಡಿಗ್ರಿಗೆ ದಿಕ್ಕೇ ಬದಲಾಗುವುದು ಅಂದರೇನು? ಮೇಷ್ಟ್ರ ಶಾಲೆಗೆ ಫೋನು ಹಚ್ಚಿದೆ.

“ಅಯ್ಯೋ, ಅದು ಡಿಗ್ರಿ ಲೆಕ್ಕ ಕೇಳಲ್ಲ ಕಣ್ರೀ, ರೇಡಿಯನ್ ಕೇಳ್ತದೆ. ನೀವು ಗುಂಟೆ ಹೇಳಿದ್ದೀರಿ, ಅದು ಎಕರೆ ಅಂತ ತಿಳ್ಕೊಂಡಿದೆ. ಡಿಗ್ರೀನ 3.1416ರಿಂದ ಗುಣಿಸಿ 180ರಿಂದ ಭಾಗಿಸಿ ಕೊಡಿ.”

ಕೊಟ್ಟೆ. ಚಿನ್ನಿ ಹಾರಿತು. ಯಾವ ಬಲಕ್ಕೆ, ಯಾವ ಕೋನಕ್ಕೆ ಹೊಡೆದರೂ ಅದರದೇ ದಾರಿಯಲ್ಲಿ ಎದ್ದು, ಬಾಗಿ, ಬೆಟ್ಟದ ಬಂಡೆಗಳ ಮುಂದೆ ಹಾದು ಮಣ್ಣಿಗೆ ಬಿತ್ತು. ನಾನು ದಾರ ಹಿಡಿದು ಎಳೆದ ಕಮಾನಿಗಿಂತ ಚೆಂದದ ಕಮಾನು. ಆವತ್ತು ಮಧ್ಯಾಹ್ನ ಊಟ ಬಿಟ್ಟು ಸುಮ್ಮನೆ ಚಿನ್ನಿ ಹೊಡೆಯುತ್ತಾ ಕೂತಿದ್ದೆ. ಅಷ್ಟು ಖುಷಿ ನನಗೆ ಆ ಆಫೀಸಿನಲ್ಲಿ ಅದುವರೆಗೆ ಆಗಿರಲಿಲ್ಲ.

ಇನ್ನು ಉಳಿದದ್ದು ದೂರ ಕೇಳುವ ಭಾಗ. ನಮ್ಮ ಕಡೆ ಆಡುವ ಕ್ರಮ ಹೀಗೆ. ಚಿನ್ನಿ ಬಿದ್ದ ಮೇಲೆ ಹೊಡೆದವನು ಗುಳಿಯಿಂದ ಅಲ್ಲಿಗೆ ಎಷ್ಟು ದಾಂಡು ದೂರ ಅಂತ ಕಣ್ಣಲ್ಲೇ ನೋಡಿ ಒಂದು ಸಂಖ್ಯೆ ಕೇಳುತ್ತಾನೆ. ‘ಮೂವತ್ತು’ ಅನ್ನುತ್ತಾನೆ ಅಂತಿಟ್ಟುಕೊಳ್ಳಿ. ಎದುರಿನವನು ‘ಒಪ್ಪಿದೆ’ ಅಂದರೆ ಮೂವತ್ತು ಅವನದಾಯಿತು. ‘ಅಳೆ’ ಅಂದರೆ ದಾಂಡು ಇಟ್ಟು ಅಳೆಯಬೇಕು. ಮೂವತ್ತಕ್ಕೆ ಕಡಿಮೆ ಬಂದರೆ ಹೊಡೆದವನು ಔಟು. ಮೂವತ್ತು ತುಂಬಿದರೆ ಅನುಮಾನ ಪಟ್ಟವನ ತಪ್ಪಿಗೆ ಎರಡು ಪಟ್ಟು ಕೊಡಬೇಕು.

ನಮ್ಮ ಆಟದಲ್ಲಿ ಎದುರಿನವನು ಕಂಪ್ಯೂಟರ್. ಈಗ ನಾನು ಬೂದು ಪೆಟ್ಟಿಗೆಗೆ ಹೆದರುವವನಲ್ಲ. ಚಿನ್ನಿ ಬಿದ್ದ ಜಾಗದಿಂದ ಗುಳಿಯ ಜಾಗ ಕಳೆ, ಒಂದು ದಾಂಡಿಗೆ ಪರದೆಯ ಹತ್ತು ಚುಕ್ಕಿಯಾದ್ದರಿಂದ ಹತ್ತರಿಂದ ಭಾಗಿಸು, ದೂರ ಸಿಕ್ಕಿತು. ಆಡುವವರು ಕೇಳಿದ ಸಂಖ್ಯೆ ಅದಕ್ಕಿಂತ ಹೆಚ್ಚಿದ್ದರೆ ‘ಅಳೆ’, ಇಲ್ಲದಿದ್ದರೆ ‘ಒಪ್ಪಿದೆ’. ಒಂದೇ ಸಾಲು. ಯಜಮಾನರು ನೋಡಿ ಬೆನ್ನು ತಟ್ಟಿದರು. “ಒಂದು ಚೂರೂ ಹೆಚ್ಚುಕಮ್ಮಿ ಇಲ್ಲ ನೋಡು. ಇಟ್ಟಿಗೆ ಅಚ್ಚು ಇದ್ದಂಗಿದೆ.”

ಸಭೆಗೆ ಮೂರು ದಿನ ಮುಂಚೆ ಸಿಪಿಯು, ಮಾನಿಟರನ್ನು ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ವಕ್ಕಲೇರಿಗೆ ಒಯ್ದೆ. ಮೇಷ್ಟ್ರು ಏಳನೇ ಕ್ಲಾಸಿನ ಹುಡುಗಿಯರನ್ನು ಕರೆದು ಕೂರಿಸಿದರು. ಮೊದಲು ಎಲ್ಲರೂ ಚಿನ್ನಿ ಹಾರುವುದನ್ನು ನೋಡಿ ಕೂಗಿದರು. ಒಬ್ಬಳು ‘ಇಪ್ಪತ್ತು’ ಕೇಳಿದಳು. ‘ಅಳೆ’ ಅಂದಿತು ಕಂಪ್ಯೂಟರ್. ಹತ್ತೊಂಬತ್ತು, ಅವಳು ಔಟು. ಇನ್ನೊಬ್ಬಳು ‘ಮೂವತ್ತೈದು’ ಅಂದಳು. ‘ಅಳೆ’. ಮೂವತ್ತಮೂರು, ಅವಳೂ ಔಟು. ಮೂರನೆಯವಳು ಹೆದರಿ ಹತ್ತು ಕೇಳಿದಳು, ನಾಲ್ಕನೆಯವಳು ಐದು. ಕಂಪ್ಯೂಟರ್ ಎಲ್ಲಕ್ಕೂ ‘ಒಪ್ಪಿದೆ’ ಅನ್ನುತ್ತಾ ಹೋಯಿತು. ರೂಮು ತಣ್ಣಗಾಯಿತು. ಹತ್ತು ನಿಮಿಷ ಆಗುವಷ್ಟರಲ್ಲಿ ಮೌಸ್ ಮುಟ್ಟುವವರೇ ಇಲ್ಲ.

“ಯಾಕ್ರಮ್ಮ, ಚೆನ್ನಾಗಿಲ್ವಾ?” ಅಂದೆ.

ಎರಡು ಜಡೆಯ ಒಬ್ಬಳು ಸ್ವಲ್ಪವೂ ಸಂಕೋಚವಿಲ್ಲದೆ ಹೇಳಿದಳು. “ಚಿನ್ನಿ ಚೆನ್ನಾಗೈತೆ ಸಾ. ಆದ್ರೆ ಅದ್ಕೆ ಎಲ್ಲಾ ಮೊದ್ಲೇ ಗೊತ್ತು. ಎಲ್ಲಾ ಗೊತ್ತಿರೋರ ಜೊತೆ ಏನ್ ಸಾ ಆಡೋದು?”

ಮೇಷ್ಟ್ರ ಅಪ್ಪಣೆ ಕೇಳಿಕೊಂಡು ಎಲ್ಲರೂ ಹೊರಗೆ ಓಡಿದರು. ನಾನು ಕಿಟಕಿಯ ಹತ್ತಿರ ನಿಂತೆ. ಮೈದಾನದಲ್ಲಿ ನಿಜವಾದ ಚಿನ್ನಿ ಎದ್ದಿತ್ತು. ಕೆಲಸ ಹೋಯಿತು ಅಂತ ನಾನು ಖಚಿತ ಮಾಡಿಕೊಂಡದ್ದು ಆ ಕಿಟಕಿಯಲ್ಲೇ. ದುಃಖ ಆಯಿತು, ಇಲ್ಲವೆನ್ನುವುದಿಲ್ಲ. ಆದರೂ ಕಣ್ಣು ಹೊರಗೇ ಇತ್ತು, ಆಟ ಹಾಗಿತ್ತು.

ಎರಡು ಜಡೆಯವಳು ಹೊಡೆದು ‘ನಲವತ್ತು’ ಅಂದಳು. ಎದುರಿನವಳು ಚಿನ್ನಿ ನೋಡಿದಳು, ಅವಳ ಮುಖ ನೋಡಿದಳು, ಮತ್ತೆ ಚಿನ್ನಿ ನೋಡಿದಳು. “ಸುಳ್ಳು! ಅಳಿ, ಅಳಿ!” ಅಂತ ಕೂಗಿದಳು. ಎಲ್ಲರೂ ಬಗ್ಗಿ ಒಟ್ಟಿಗೆ ಎಣಿಸಿದರು. ನಲವತ್ತೆರಡು ಬಂತು. ಕುಣಿದಾಟವೋ ಕುಣಿದಾಟ. ಮುಂದಿನ ಹೊಡೆತ ಮೂವತ್ತು ದಾಂಡೂ ಇರಲಿಲ್ಲ, ಇವಳು ಮೂವತ್ತಾರು ಕೇಳಿದಳು. ಎರಡು ಪಟ್ಟು ತೆತ್ತು ಪೆಟ್ಟು ತಿಂದಿದ್ದ ಎದುರಿನವಳು ತಕ್ಷಣ ಒಪ್ಪಿಬಿಟ್ಟಳು. ನನಗೆ ಜೋರಾಗಿ ನಗು ಬಂತು.

ನೋಡುತ್ತಾ ನೋಡುತ್ತಾ ಇನ್ನೊಂದು ವಿಷಯ ಕಾಣಿಸಿತು. ಚಿನ್ನಿ ಹತ್ತಿರ ಬಿದ್ದರೆ ಅವರ ಅಂದಾಜು ಒಂದೆರಡು ದಾಂಡಿಗಿಂತ ಹೆಚ್ಚು ತಪ್ಪುತ್ತಿರಲಿಲ್ಲ. ದೂರ ಹೋದಷ್ಟೂ ಹತ್ತು, ಹನ್ನೆರಡು ತಪ್ಪುತ್ತಿತ್ತು. ನಾನು ಬರೆದ ಬೋರ್ಡುಗಳದ್ದೂ ಇದೇ ಕಥೆ. ಸಣ್ಣ ಹಲಗೆಯಲ್ಲಿ ಅಕ್ಷರ ಕೂರಿಸುವಾಗ ಕಣ್ಣಳತೆ ಬೆರಳಗಲ ತಪ್ಪಿದರೆ ಹೆಚ್ಚು. ಉದ್ದದ ಗೋಡೆಯ ಮೇಲೆ ಕೊನೆಯ ಅಕ್ಷರಕ್ಕೆ ಜಾಗವೇ ಸಾಲದೆ ಒದ್ದಾಡಿದ್ದೇನೆ. ಕಣ್ಣು ತಪ್ಪುತ್ತದೆ, ದೂರಕ್ಕೆ ತಕ್ಕ ಹಾಗೆ ತಪ್ಪುತ್ತದೆ. ನನ್ನ ಕಂಪ್ಯೂಟರಿಗೆ ಅಳತೆ ಇತ್ತು, ಕಣ್ಣು ಇರಲಿಲ್ಲ. ಇದರ ಅಂದಾಜನ್ನು ಕೆಡಿಸಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಕೋಲಾರಕ್ಕೆ ವಾಪಸ್ಸಾಗಿ ಯಜಮಾನರಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು.

“ತಲೆ ಕೆಟ್ಟಿದ್ಯಾ? ಶಾಲೆಗೆ ಕೊಡೋ ಸಿಡೀಲಿ ತಪ್ಪು ಲೆಕ್ಕ ಮಾಡೋ ಕಂಪ್ಯೂಟರ್ ಇಡ್ತೀಯಾ? ಹೆಡ್ಮಾಸ್ಟರ್‌ಗಳು ಅಲ್ಲೇ ಉಗೀತಾರೆ ನನ್ನ ಮುಖಕ್ಕೆ.”

“ಅಳೆಯೋ ಲೆಕ್ಕ ತಪ್ಪಲ್ಲ ಸಾರ್. ಅಂದಾಜು ಮಾತ್ರ ತಪ್ತದೆ. ಇಲ್ದಿದ್ರೆ ಅದು ಆಟಾನೇ ಅಲ್ಲ. ಹುಡುಗೀರು ಹತ್ತೇ ನಿಮಿಷಕ್ಕೆ ಎದ್ದು ಹೋದ್ರು.”

ಅವರು ಫ್ಯಾನ್ ಕೆಳಗೆ ಎರಡು ಸುತ್ತು ತಿರುಗಿದರು. “ನೋಡಪ್ಪ, ಹೋಗೋದು ನಿನ್ನ ಕೆಲಸ. ನಿಂಗೆ ಸರಿ ಅನ್ನಿಸಿದ್ದು ಮಾಡು. ಆಮೇಲೆ ನನ್ನ ಅನ್ನಬೇಡ.”

“ಅನ್ನಲ್ಲ ಸಾರ್” ಅಂದೆ. ಕಂಪ್ಯೂಟರ್ ಮುಂದೆ ಕೂತೆ.

ಎರಡು ದಿನ ಇತ್ತು. ನಿಜವಾದ ದೂರವನ್ನು ಅಳೆಯುವ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಅದರ ಪಕ್ಕದಲ್ಲಿ ಹೊಸ ಬೂದು ಪೆಟ್ಟಿಗೆ ಇಟ್ಟು ‘ಕಣ್ಣಳತೆ’ ಅಂತ ಹೆಸರು ಕೊಟ್ಟೆ. ಮೊದಲು ದೂರಕ್ಕೆ ಹತ್ತರವರೆಗೆ ಯಾವುದೋ ಒಂದು ಸಂಖ್ಯೆಯನ್ನು ಕೂಡು ಇಲ್ಲವೆ ಕಳೆ ಅಂತ ಬರೆದೆ. ಅಂಥ ಸಂಖ್ಯೆಯನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರೇ ಆರಿಸಿ ಕೊಡುತ್ತದೆ. ಆದರೆ ಚಿನ್ನಿ ಆರು ದಾಂಡು ದೂರ ಬಿದ್ದಾಗ ಇದರ ಅಂದಾಜು ಸೊನ್ನೆಗಿಂತ ಕೆಳಕ್ಕೆ ಹೋಯಿತು. ಎರಡು ಕೇಳಿದರೂ ‘ಅಳೆ’ ಅನ್ನುತ್ತಿತ್ತು. ಟೈಪ್ ಮಾಡುವ ಮೇಡಂ ಮತ್ತೆ ನಕ್ಕರು. ಕೂಡುವುದಲ್ಲ, ಗುಣಿಸಬೇಕು ಅಂತ ಆಗ ಹೊಳೆಯಿತು. ದೂರವನ್ನು 0.8ಕ್ಕೂ 1.2ಕ್ಕೂ ನಡುವಿನ ಯಾವುದೋ ಒಂದು ಸಂಖ್ಯೆಯಿಂದ ಗುಣಿಸು. ಹತ್ತು ದಾಂಡಿಗೆ ಎರಡು ತಪ್ಪಬಹುದು, ಅರವತ್ತಕ್ಕೆ ಹನ್ನೆರಡು. ಮೈದಾನದಲ್ಲಿ ಕಂಡದ್ದೂ ಇದನ್ನೇ.

ಪೆಟ್ಟು ತಿಂದವಳು ಹೆದರಿ ಒಪ್ಪಿಕೊಂಡದ್ದು ನೆನಪಿತ್ತು. ಅದಕ್ಕೂ ಒಂದು ಪೆಟ್ಟಿಗೆ ಮಾಡಿದೆ. ‘ಅಳೆ’ ಅಂದು ಸೋತರೆ ಮುಂದಿನ ಸಲ ಕಂಪ್ಯೂಟರಿನ ಅಂದಾಜು ಹತ್ತನೇ ಒಂದು ಭಾಗ ಉದಾರವಾಗುತ್ತದೆ. ಸುಳ್ಳು ಹಿಡಿದರೆ ಅಷ್ಟೇ ಭಾಗ ಜಿಪುಣವಾಗುತ್ತದೆ. ಇಷ್ಟನ್ನು ಬರೆದು ಮುಗಿಸಿ ನಾನೇ ಆಡಿದೆ. ನಾನು ಮಾಡಿದ ಆಟ ನನ್ನನ್ನೇ ಮೂರು ಸಲ ಔಟು ಮಾಡಿತು. ನಾಲ್ಕನೇ ಸಲ ಸುಳ್ಳು ಹೇಳಿ ಗೆದ್ದೆ.

ಸಭೆಯ ದಿನ ಹನ್ನೆರಡು ಮಂದಿ ಇದ್ದರು. ಎಲ್ಲರಿಗಿಂತ ಬಿಗಿಯಾಗಿ ಕೂತವರು ಶ್ರೀನಿವಾಸಪುರದ ಕಡೆಯ ಹಿರಿಯ ಹೆಡ್ಮಾಸ್ಟರು. ಉಳಿದವರೆಲ್ಲ ಮಾತಾಡುವ ಮೊದಲು ಅವರ ಮುಖ ನೋಡುತ್ತಿದ್ದರು. ಪಾಠಗಳನ್ನು ತೋರಿಸಿದ್ದಾಯಿತು, ಟೀ ಆಯಿತು. ಆಮೇಲೆ ಯಜಮಾನರು ನನ್ನ ಕಡೆ ತಿರುಗಿ ಕಣ್ಸನ್ನೆ ಮಾಡಿದರು. ನಾನು ಆಟ ಹಚ್ಚಿ ಹಿರಿಯರಿಗೇ ಮೌಸ್ ಕೊಟ್ಟೆ.

ಮೊದಲ ಹೊಡೆತಕ್ಕೆ ಅವರು ಹದಿನೆಂಟು ಕೇಳಿದರು. ಕಂಪ್ಯೂಟರ್ ಒಪ್ಪಿತು. ಎರಡನೆಯದಕ್ಕೆ ಕೈ ಕುದುರಿತ್ತು. ಚಿನ್ನಿ ಬಂಡೆಗಳನ್ನೆಲ್ಲ ದಾಟಿ ಹೋಯಿತು. ಒಂದು ಕ್ಷಣ ಯೋಚಿಸಿ “ಎಪ್ಪತ್ತು” ಅಂತ ಒತ್ತಿದರು. ಕಂಪ್ಯೂಟರ್ ‘ಒಪ್ಪಿದೆ’ ಅಂದಿತು.

“ನಿಜವಾಗ್ಲೂ ಎಪ್ಪತ್ತು ಇತ್ತಾ ಸಾರ್?” ಅಂದರು ನಮ್ಮ ಗಣಿತದ ಮೇಷ್ಟ್ರು.

“ಎಲ್ಲಿ ಬಂತು? ಅರವತ್ತಿದ್ರೆ ಹೆಚ್ಚು.” ಹಾಗಂದವರೇ ನನ್ನ ಕಡೆ ತಿರುಗಿದರು. “ಚೂಡಂಡಿ, ನೋಡ್ರೀ ಇಲ್ಲಿ, ಇದು ಮೋಸ ಹೋಯ್ತಲ್ರೀ! ಕಂಪ್ಯೂಟರ್ ತಪ್ಪು ಮಾಡೋದು ಉಂಟಾ?”

ಯಜಮಾನರ ಮುಖ ಬಿಳಿಚಿಕೊಂಡಿತು. ಇದೇ ಮಾತಿಗೆ ಅವರು ಹೆದರಿದ್ದದ್ದು. ನಾನು ಎದ್ದು ನಿಂತೆ.

“ಸಾರ್, ಹಾರೋದು, ಬೀಳೋದು, ಅಳೆಯೋದು, ಇವು ಒಂದು ಚುಕ್ಕಿನೂ ತಪ್ಪಲ್ಲ. ಅಂದಾಜು ಮಾತ್ರ ನಾನೇ ಬೇಕಂತ ತಪ್ಪಿಸಿದ್ದೀನಿ. ನಮ್ಮ ಕಣ್ಣು ಎಷ್ಟು ತಪ್ತದೋ ಅಷ್ಟೇ. ಮೊದ್ಲು ಸರಿಯಾಗಿ ಮಾಡಿದ್ದೆ ಸಾರ್, ಮಕ್ಕಳು ಆಡಲಿಲ್ಲ.”

ಹಿರಿಯರು ಪರದೆ ನೋಡುತ್ತಾ ಕೂತರು. ಆಗ ಮಾಲೂರಿನ ಕಡೆಯ ಒಬ್ಬರು ಹೆಡ್ಮಿಸ್ಟ್ರೆಸ್ಸು ಸೆರಗು ಸಿಕ್ಕಿಸಿಕೊಂಡು ಕುರ್ಚಿ ಮುಂದಕ್ಕೆ ಎಳೆದರು.

“ಪಾಪ, ಕಂಪ್ಯೂಟರ್ ಬಿಟ್ಟಿತು ಸಾರ್. ನನ್ನ ಮುಂದೆ ಎಪ್ಪತ್ತು ಅಂದಿದ್ರೆ ನಾನು ಬಿಡ್ತಿರಲಿಲ್ಲ.”

“ಹಾಗೋ? ಹಾಗಿದ್ರೆ ಬನ್ನಿ ಮೇಡಂ. ಏನ್ರೀ, ನಾವಿಬ್ರೂ ಎದುರು ಬದುರು ಆಡೋಕಾಗ್ತದಾ?”

ಆಗುತ್ತಿತ್ತು. ಕಣ್ಣಳತೆಯ ಪೆಟ್ಟಿಗೆಯಿಂದ ಬರುವ ತಂತಿ ಕಿತ್ತು, ‘ಒಪ್ಪಿದೆ’, ‘ಅಳೆ’ ಎರಡನ್ನೂ ಕೀಬೋರ್ಡಿನ ಎರಡು ಗುಂಡಿಗೆ ಸಿಕ್ಕಿಸಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಆದರೆ ನನ್ನ ಬದುಕಿನಲ್ಲಿ ನಾನು ಬರೆದ ಅತ್ಯಂತ ಒಳ್ಳೆಯ ಸೂತ್ರವನ್ನು, ಅದೂ ಅಷ್ಟು ಜನರ ಮುಂದೆ, ನನ್ನ ಕೈಯಾರೆ ಕೀಳಬೇಕು. ಕಿತ್ತೆ.

ಹಿರಿಯರು ಹೊಡೆದು “ನಲವತ್ತೈದು” ಅಂದರು. ಹೆಡ್ಮಿಸ್ಟ್ರೆಸ್ಸು ಪರದೆ ನೋಡಲಿಲ್ಲ, ಕನ್ನಡಕ ಸರಿಮಾಡಿಕೊಂಡು ಹಿರಿಯರ ಮುಖವನ್ನೇ ನೋಡಿದರು. ಅವರು ಮೀಸೆ ಸವರಿಕೊಂಡರು. “ಅಳೆ!” ಅಂತ ಮೇಡಂ ಗುಂಡಿ ಒತ್ತಿದರು. ಪರದೆಯಲ್ಲಿ ದಾಂಡು ಒಂದೊಂದಾಗಿ ಮಗುಚುತ್ತಾ ಹೊರಟಿತು. ಹನ್ನೆರಡು ಮಂದಿಯೂ ಗಟ್ಟಿಯಾಗಿ ಎಣಿಸತೊಡಗಿದರು. ನಲವತ್ತಾಯಿತು. ನಲವತ್ತಮೂರು. ನಲವತ್ತಾರಕ್ಕೆ ನಿಂತಿತು. ಹಿರಿಯರು ಕುರ್ಚಿಯಿಂದ ಎದ್ದು ಎರಡೂ ಕೈ ಮೇಲೆತ್ತಿ “ತೊಂಬತ್ತು, ತೊಂಬತ್ತು!” ಅಂತ ಕೂಗಿದರು. ಪಕ್ಕದ ಕ್ಲಾಸಿನ ಮಕ್ಕಳು ಕಿಟಕಿಗೆ ಬಂದು ನಿಂತರು. ತಮ್ಮ ಮೇಷ್ಟ್ರುಗಳನ್ನು ಅವರು ಹಾಗೆ ಯಾವತ್ತೂ ನೋಡಿರಲಿಲ್ಲ.

ಮೇಡಂ ಬಿಡಲಿಲ್ಲ, ಇನ್ನೊಂದಾಟ ಅಂದರು. ಆಮೇಲೆ ಉಳಿದವರ ಸರದಿ. ಮಧ್ಯಾಹ್ನದ ಊಟದ ಗಂಟೆ ಹೊಡೆದದ್ದು ಯಾರಿಗೂ ಬೇಕಿರಲಿಲ್ಲ. ಕೊನೆಗೆ ಹಿರಿಯರು ಯಜಮಾನರನ್ನು ಕರೆದು ಹೇಳಿದರು. “ಎರಡೂ ಇರ್ಲಿ. ಜೊತೆಗೆ ಒಬ್ರು ಇದ್ರೆ ಹೀಗೆ ಆಡ್ಲಿ. ಮಗು ಒಂದೇ ಇದ್ರೆ ಆ ಮೋಸ ಹೋಗೋ ಕಂಪ್ಯೂಟರ್ ಜೊತೆ ಆಡ್ಲಿ. ನಮ್ಮ ಶಾಲೆಗೆ ಬೇಕು.” ಉಳಿದ ಹನ್ನೊಂದು ತಲೆಗಳೂ ಹೂಂ ಅಂತ ಅಲ್ಲಾಡಿದವು. ನಾನು ಕೂತು ಕಿತ್ತ ತಂತಿಯನ್ನು ಮತ್ತೆ ಜೋಡಿಸಿದೆ. ಕಣ್ಣು ಮಂಜಾಗಿ ಪೆಟ್ಟಿಗೆ ಸರಿಯಾಗಿ ಕಾಣಲಿಲ್ಲ, ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಸಿಕ್ಕಿಸಿದೆ.

ಆಟೋಗೆ ಕಾಯುತ್ತಾ ಶಾಲೆಯ ಗೇಟಿನ ಹತ್ತಿರ ನಿಂತಿದ್ದೆವು. ಗೋಣಿಚೀಲದ ಮಾನಿಟರು ನನ್ನ ತೋಳಿನಲ್ಲಿತ್ತು. ಯಜಮಾನರು ರಸ್ತೆ ನೋಡುತ್ತಲೇ ಕೇಳಿದರು.

“ಮುಂದಿಂದು ಲಗೋರಿ ಮಾಡು. ಎಷ್ಟು ದಿನ ಬೇಕು?”

ಏಳು ಕಲ್ಲು, ಒಂದು ಚೆಂಡು. ಹಾರುವ ಸೂತ್ರ ಆಗಲೇ ಕೈಯಲ್ಲಿತ್ತು. ಮನಸ್ಸಿನಲ್ಲೇ ಎಣಿಸಿದೆ, ಹದಿನೈದು ದಿನ ಧಾರಾಳ.

“ಇಪ್ಪತ್ತೈದು ಸಾರ್” ಅಂದೆ.

ಯಜಮಾನರು ನನ್ನ ಮುಖವನ್ನು ದಿಟ್ಟಿಸಿ ನೋಡಿದರು. ನಾನು ರೆಪ್ಪೆ ಹೊಡೆಯಲಿಲ್ಲ.

“ಒಪ್ಪಿದೆ” ಅಂದರು.